ತರಗೆಲೆ ಮತ್ತು ಬೆಣಚುಕಲ್ಲು



ಜೀವವಿಜ್ಞಾನದ ತರಗತಿಯಲ್ಲೂ ಭೂವಿಜ್ಞಾನದ ತರಗತಿಯಲ್ಲೂ ‘ಡೆಟ್ರಿಟಸ್’ ಎಂಬ ಮಾತು ಬರುತ್ತದೆ. ಜೀವವಿಜ್ಞಾನಿಗೆ ಅದು ಉದುರಿದ ಎಲೆ, ಸತ್ತ ಬೇರು, ಹುಳುಹುಪ್ಪಟೆಗಳ ಹಿಕ್ಕೆ, ಅವುಗಳ ಮೇಲೆ ಬೆಳೆದ ಸೂಕ್ಷ್ಮಜೀವಿಗಳ ಸಮೇತ. ಭೂವಿಜ್ಞಾನಿಗೆ ಅದು ಬಂಡೆಯಿಂದ ಸವೆದು, ಕಿತ್ತು, ನೀರು ಗಾಳಿಗಳ ಜೊತೆ ಹೊರಟ ಚೂರು: ಉರುಟುಗಲ್ಲು, ಮರಳು, ಜೇಡಿ. ಎರಡನ್ನೂ ಬೇರೆ ಬೇರೆ ಪುಸ್ತಕಗಳಲ್ಲಿ ಓದಿ, ಪರೀಕ್ಷೆ ಬರೆದು ಮುಗಿಸುತ್ತೇವೆ. ಈ ಎರಡೂ ಒಂದನ್ನೊಂದು ಕೂಡುವ ಜಾಗದ ಬಗ್ಗೆ ನಾನು ಇವತ್ತು ಮಾತನಾಡಬೇಕೆಂದಿದ್ದೇನೆ. ಆ ಕೂಟ ನಡೆಯದೆ ಇದ್ದಿದ್ದರೆ ನಾವು ಉಸಿರಾಡುವ ಆಮ್ಲಜನಕ ಗಾಳಿಯಲ್ಲಿ ಉಳಿಯುತ್ತಿರಲಿಲ್ಲ.

ಮೊದಲು ಎಲೆಯ ಕಡೆಗೆ ಬರೋಣ. ಹುಲ್ಲು, ಜಿಂಕೆ, ಹುಲಿ ಎಂದು ಶಾಲೆಯ ಗೋಡೆಯ ಮೇಲೆ ಬರೆಯುವ ಆಹಾರ ಸರಪಳಿ ಕಾಡಿಗೆ ಅನ್ಯಾಯ ಮಾಡುತ್ತದೆ ಎಂದೇ ನನ್ನ ಭಾವನೆ. ಕಾಡಿನಲ್ಲಿ ಹುಟ್ಟುವ ಸೊಪ್ಪುಸದೆಯಲ್ಲಿ ಹಸಿರಾಗಿರುವಾಗಲೇ ಪ್ರಾಣಿಗಳ ಬಾಯಿಗೆ ಬೀಳುವುದು ಸಣ್ಣ ಪಾಲು. ಬಹುಪಾಲು ಒಣಗಿ ಉದುರಿ, ಸತ್ತ ಮೇಲೆ ಆಹಾರವಾಗುತ್ತದೆ. ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ತರುಣ ಮಿನೆಸೋಟದ ಒಂದು ಪುಟ್ಟ ಜೌಗು ಕೆರೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ 1942ರಲ್ಲಿ ಬರೆದ ಪ್ರಬಂಧದಲ್ಲಿ ಕೆರೆಯ ಆಹಾರ ಸಂಬಂಧಗಳ ಚಿತ್ರವಿದೆ. ಅದರ ನಟ್ಟನಡುವೆ ಇರುವುದು ಮೀನಲ್ಲ, ಪಾಚಿಯಲ್ಲ, ತಳದ ಕೆಸರು. ಎಲ್ಲ ಬಾಣಗಳೂ ಅದರ ಸುತ್ತ ತಿರುಗುತ್ತವೆ. ಪ್ರಬಂಧ ಅಚ್ಚಾಗುವ ಮೊದಲೇ ಲಿಂಡೆಮನ್ 26ನೇ ವಯಸ್ಸಿನಲ್ಲಿ ತೀರಿಕೊಂಡರು. ಪರಿಸರ ವಿಜ್ಞಾನ ಇವತ್ತಿಗೂ ಆ ಚಿತ್ರದ ಋಣದಲ್ಲಿದೆ.

ಸತ್ತ ಎಲೆ ಆಹಾರವಾಗುವುದು ಹೇಗೆಂದು ಹತ್ತಿರದಿಂದ ನೋಡಬೇಕಾದರೆ ಸಹ್ಯಾದ್ರಿಯ ಹಳ್ಳಕ್ಕೆ ಹೋಗಬೇಕು. ಮಳೆಗಾಲ ಹಿಡಿದ ಮೇಲೆ ಸಣ್ಣ ಅಬ್ಬಿಯ ಕೆಳಗೆ, ಬಂಡೆಯ ಸಂದಿನಲ್ಲಿ ನೊರೆ ಕಟ್ಟಿ ನಿಂತಿರುತ್ತದೆ. ಅದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ನಾಲ್ಕು ದಿಕ್ಕಿಗೆ ತೋಳು ಚಾಚಿದ ಬೀಜಕಣಗಳು, ಅವುಗಳ ನಡುವೆ ಉದ್ದಕ್ಕೆ ಬಾಗಿದ ಎಳೆಗಳು, ಕವಲೊಡೆದ ಇನ್ನೆಷ್ಟೋ ಆಕಾರಗಳು ಕಾಣುತ್ತವೆ. ಇವೆಲ್ಲ ನೀರಿನೊಳಗೆ ತರಗೆಲೆಯ ಮೇಲೆ ಬೆಳೆಯುವ ಶಿಲೀಂಧ್ರಗಳ ಸಂತಾನ. ಇಂಗ್ಲೆಂಡಿನ ಲೆಸ್ಟರ್ ಪ್ರಾಂತದ ತೊರೆಯೊಂದರ ಕೊಳೆತ ಎಲೆಗಳಲ್ಲಿ ಇವನ್ನು ಕಂಡು ಸಿ. ಟಿ. ಇಂಗೋಲ್ಡ್ 1942ರಲ್ಲೇ ಬರೆದರು. ನಮ್ಮಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಕೆ. ಎಂ. ಕಾವೇರಿಯಪ್ಪ, ಕೆ. ಆರ್. ಶ್ರೀಧರ್ ಮೊದಲಾದವರು ಕೊಣಾಜೆಯ ತೊರೆಯಿಂದ ಹಿಡಿದು ಪಶ್ಚಿಮಘಟ್ಟದ ಅನೇಕ ಹಳ್ಳಗಳವರೆಗೆ ಇವನ್ನು ಹುಡುಕಿ ದಾಖಲಿಸಿದ್ದಾರೆ. ಕನ್ನಡದ ವಿದ್ಯಾರ್ಥಿಗಳು ಈ ಕೆಲಸವನ್ನು ತಿಳಿದಿರಲೇಬೇಕು.

ನಾಲ್ಕು ತೋಳು ಏಕೆ? ಓಡುವ ನೀರಿನಲ್ಲಿ ದುಂಡನೆಯ ಕಣ ಎಲೆಗೆ ತಾಕಿದರೂ ಜಾರಿ ಹೋಗುತ್ತದೆ. ನಾಲ್ಕು ತೋಳಿನದು ಹೇಗೇ ಬಿದ್ದರೂ ಮೂರು ತುದಿಗಳು ಎಲೆಯನ್ನು ಮುಟ್ಟುತ್ತವೆ. ಮೂರು ಒಲೆಗುಂಡುಗಳ ಮೇಲೆ ಕೂತ ಮಡಕೆಯಂತೆ ಅಲುಗದೆ ನಿಲ್ಲುತ್ತದೆ. ನಿಂತಲ್ಲೇ ಮೊಳೆತು ಎಲೆಯೊಳಗೆ ಇಳಿದು ಗಟ್ಟಿ ನಾರನ್ನು ಮೆತ್ತಗೆ ಮಾಡುತ್ತದೆ, ನೀರಿನಲ್ಲಿ ಕರಗಿರುವ ಸಾರಜನಕವನ್ನು ಹೀರಿ ತನ್ನ ಮೈಗೆ ಸೇರಿಸಿಕೊಳ್ಳುತ್ತದೆ. ಹಾಗಾಗಿ ಎಲೆ ಕೊಳೆಯುತ್ತ ಹೋದಂತೆ ಅದರಲ್ಲಿನ ಪ್ರೋಟೀನಿನ ಪ್ರಮಾಣ ಇಳಿಯುವ ಬದಲು ಏರುತ್ತದೆ. ಹಳ್ಳದ ಹುಳಗಳಿಗೆ ಇದು ಗೊತ್ತು. ಆಗತಾನೆ ಬಿದ್ದ ಎಲೆಯನ್ನು ಬಿಟ್ಟು ಶಿಲೀಂಧ್ರ ಹಿಡಿದ ಎಲೆಯನ್ನೇ ಹುಡುಕಿ ಕತ್ತರಿಸಿ ತಿನ್ನುತ್ತವೆ. ಅವು ಉಳಿಸಿದ ಪುಡಿ, ಹಾಕಿದ ಹಿಕ್ಕೆ ತೇಲಿಹೋಗಿ ಕೆಳಗಿನ ಜೀವಿಗಳಿಗೆ ಊಟವಾಗುತ್ತದೆ. ಹೀಗೆ ಸಾಗಿದ್ದು ಅಳಿವೆ ತಲುಪುತ್ತದೆ. 2024ರಲ್ಲಿ ಜೌಗುಭೂಮಿಗಳ ಅಂತಾರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕುವ ಹೆಂಗಸರ ದುಡಿಮೆಯ ಹಿಂದೆ ಮೇಲಿನ ಕಾಡಿನ ತರಗೆಲೆಯ ಪಾಲೂ ಇದೆ, ದಡದ ಕಾಂಡ್ಲಾ ಗಿಡಗಳ ಎಲೆಯ ಪಾಲೂ ಇದೆ.

ಇನ್ನು ಎಲೆಯೂ ಮಣ್ಣೂ ಕೂಡುವ ಜಾಗ. ಗಿಡಮರಗಳು ಆಮ್ಲಜನಕ ಕೊಡುತ್ತವೆ ಎಂಬುದು ಅರ್ಧ ಸತ್ಯ. ಎಲೆ ಬೆಳೆಯುವಾಗ ಎಷ್ಟು ಆಮ್ಲಜನಕ ಹೊರಬಂತೋ, ಅದು ಪೂರ್ತಿ ಕೊಳೆಯುವಾಗ ಹೆಚ್ಚುಕಡಿಮೆ ಅಷ್ಟೇ ಖರ್ಚಾಗುತ್ತದೆ. ಲೆಕ್ಕ ಸೊನ್ನೆ. ಆದರೆ ಯಾವುದೋ ಒಂದು ಎಲೆಯ ಚೂರು ಕೊಳೆಯುವ ಮುಂಚೆಯೇ ಸಮುದ್ರ ಸೇರಿ, ಜೇಡಿಯ ಕಣಗಳಿಗೆ ಅಂಟಿ, ಪದರದ ಮೇಲೆ ಪದರ ಬಿದ್ದು ಹೂತುಹೋದರೆ? ಅದರ ಪಾಲಿನ ಆಮ್ಲಜನಕ ಗಾಳಿಯಲ್ಲೇ ಉಳಿಯುತ್ತದೆ. ಜಗತ್ತಿನಲ್ಲಿ ಹಸಿರು ಕಟ್ಟುವ ಇಂಗಾಲದಲ್ಲಿ ಹೀಗೆ ತಪ್ಪಿಸಿಕೊಳ್ಳುವುದು ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಕೋಟ್ಯಂತರ ವರ್ಷಗಳಲ್ಲಿ ಗಾಳಿಯ ಆಮ್ಲಜನಕ ಕೂಡಿಬಂದದ್ದು ಬಹುಮಟ್ಟಿಗೆ ಈ ಸಣ್ಣ ಪಾಲಿನಿಂದ. ಹೂಳಲು ಮಣ್ಣು ಬೇಕು; ಮಣ್ಣು ಬರಬೇಕಾದರೆ ಬೆಟ್ಟ ಸವೆಯಬೇಕು. ಹಿಮಾಲಯವನ್ನು ಸವೆಸಿ ಗಂಗೆ, ಬ್ರಹ್ಮಪುತ್ರಗಳು ಬಂಗಾಳ ಕೊಲ್ಲಿಯ ತಳಕ್ಕೆ ಸುರಿಯುವ ಹೂಳಿನಡಿಯಲ್ಲಿ, ಸಾಗರಗಳೆಲ್ಲ ಸೇರಿ ಹೂಳುವ ನೆಲಮೂಲದ ಸಾವಯವ ಇಂಗಾಲದ ಸುಮಾರು ಶೇಕಡ 10ರಿಂದ 20ರಷ್ಟು ಸೇರುತ್ತದೆ. ಒಬ್ಬ ವಿಜ್ಞಾನಿಯ ಡೆಟ್ರಿಟಸ್ ಇನ್ನೊಬ್ಬರದನ್ನು ಹೂಳುವ ಸ್ಥಳ ಇದೇ.

ಆಮ್ಲಜನಕ ಕೂಡಿಬರುವುದಕ್ಕೆ ಮುಂಚಿನ ಕಾಲದ ಪುರಾವೆ ನಮ್ಮ ಚಿಕ್ಕಮಗಳೂರು ಸೀಮೆಯಲ್ಲಿದೆ. ಬಾಬಾಬುಡನ್ ಶಿಲಾಸಮೂಹದ ತಳದಲ್ಲಿ ಬೆಣಚಿನ ಉರುಟುಗಲ್ಲುಗಳು ಒಂದಕ್ಕೊಂದು ಬೆಸೆದ ಪದರವಿದೆ. ಅದು 250 ಕೋಟಿ ವರ್ಷಕ್ಕಿಂತ ಹಳೆಯದೊಂದು ಹೊಳೆಯ ಪಾತ್ರ. ಕಲ್ಲುಗಳು ಉರುಟಾಗಿರುವುದೇ ಅವು ನೀರಿನಲ್ಲಿ ಉರುಳಿದ್ದಕ್ಕೆ ಸಾಕ್ಷಿ. ಆ ಕಲ್ಲುಗಳ ಸಂದಿಯಲ್ಲಿ ಪೈರೈಟ್, ಅಂದರೆ ಕಬ್ಬಿಣ ಗಂಧಕ ಸೇರಿದ ಹಳದಿ ಹೊಳಪಿನ ಖನಿಜದ ಕಣಗಳು, ಜೊತೆಗೆ ಯುರೇನಿಯಂ ಖನಿಜಗಳು ಸಿಗುತ್ತವೆ. ಇವತ್ತಿನ ಹೊಳೆಯಲ್ಲಿ ಪೈರೈಟ್ ಹೆಚ್ಚು ದಿನ ಬಾಳುವುದಿಲ್ಲ. ಆಮ್ಲಜನಕ ತಾಕಿ ತುಕ್ಕಾಗುತ್ತದೆ. ಯುರೇನಿಯಂ ಖನಿಜ ಕರಗಿಹೋಗುತ್ತದೆ. ಆಗ ಅವು ಹೊಳೆಯುದ್ದಕ್ಕೂ ಉರುಳಿ ಬಂದು ತಂಗಿವೆ ಎಂದರೆ ಆ ಹೊಳೆಯ ಮೇಲಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ದಕ್ಷಿಣ ಆಫ್ರಿಕ, ಕೆನಡಗಳ ಇಂಥವೇ ಪದರಗಳು ಇದನ್ನೇ ಹೇಳುತ್ತವೆ. ಇನ್ನೂ ಹಳೆಯ ಸುದ್ದಿ ಬೇಕಿದ್ದರೆ ಸರಗೂರು ಶಿಲೆಗಳ ಜಿರ್ಕಾನ್ ಕಣಗಳಿವೆ. ಅವುಗಳಲ್ಲಿ ಕೆಲವು 350 ಕೋಟಿ ವರ್ಷಕ್ಕೂ ಹಿಂದಿನವು. ಅವು ಹುಟ್ಟಿದ ಬಂಡೆ ಸವೆದುಹೋಯಿತು, ಕಣಗಳು ಉಳಿದವು. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನ ಓದುವವರು ಪಕ್ಕದ ಗೋಡೆಯಲ್ಲಿ ಓರೆಯಾಗಿ ಸಾಗಿದ ಮರಳಿನ ಗೆರೆಗಳನ್ನೂ ಗಮನಿಸಬೇಕು. ಪ್ರಾಚೀನ ಹೊಳೆಗಳು ಯಾವ ದಿಕ್ಕಿಗೆ ಹರಿದವೆಂದು ಆ ಓರೆಯಿಂದಲೇ ತಿಳಿಯುತ್ತದೆ.

ಈಗ ನಮ್ಮ ಕಾಲದ ಮಾತು. ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪಿನಬೆಟ್ಟದ ದರಕನ್ನು, ಅಂದರೆ ತರಗೆಲೆಯನ್ನು, ಗುಡಿಸಿ ತಂದು, ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ, ಗೊಬ್ಬರಗುಂಡಿ ದಾಟಿಸಿ ತೋಟಕ್ಕೆ ಹಾಕುವ ಕ್ರಮ ತಲೆಮಾರುಗಳದ್ದು. ಪೂರ್ತಿ ಗುಡಿಸಿದ ಬೆಟ್ಟ ಬರಡಾಗುತ್ತದೆ ಎಂಬ ಎಚ್ಚರವೂ ಇದರ ಜೊತೆಗೇ ಇರಬೇಕು. ಪಟ್ಟಣದ ಉದ್ಯಾನಗಳಲ್ಲಿ ತರಗೆಲೆಗೆ ಬೆಂಕಿ ಇಡುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಮಣ್ಣಿಗೆ ಸೇರಬೇಕಾದ ಸಾರಜನಕ ಹೊಗೆಯಾಗಿ ಮಕ್ಕಳ ಕಣ್ಣಿಗೆ ಉರಿ ತರುತ್ತದೆ.

ಕಲ್ಲುಮಣ್ಣಿನ ಕಡೆಯ ತೊಂದರೆ ತುಂಗಭದ್ರಾ ಜಲಾಶಯದಲ್ಲಿ ಕಣ್ಣಿಗೆ ಕಾಣುತ್ತದೆ. 1953ರಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ಹಿಡಿಯುವುದು 105ರ ಆಸುಪಾಸು. ಉಳಿದ ಜಾಗದಲ್ಲಿ ಮಲೆನಾಡಿನಿಂದ ಹಾವೇರಿಯವರೆಗಿನ ಹೊಲ, ಗುಡ್ಡಗಳ ಮೇಲ್ಮಣ್ಣು ಕೂತಿದೆ. ಕೆರೆಯಾದರೆ ಬೇಸಿಗೆಯಲ್ಲಿ ಗೋಡುಮಣ್ಣು ತೆಗೆದು ರೈತರು ಹೊಲಕ್ಕೆ ಹೊಡೆಯುತ್ತಾರೆ. ಕೊಚ್ಚಿಹೋದದ್ದು ಹೊಲಕ್ಕೇ ಮರಳುತ್ತದೆ. ಇಷ್ಟು ದೊಡ್ಡ ಜಲಾಶಯಕ್ಕೆ ಆ ದಾರಿ ಸಾಲದು ಎಂದೇ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಸಮತೋಲನ ಜಲಾಶಯದ ಪ್ರಸ್ತಾವ ಬಂದದ್ದು. ಅದು ಬೇಕೋ ಬೇಡವೋ ಎಂಬುದನ್ನು ಎಂಜಿನಿಯರುಗಳೂ ರೈತರೂ ಕೂತು ತೀರ್ಮಾನಿಸಲಿ. ತುಂಗೆ, ಭದ್ರೆ, ವರದೆಯರ ಮೇಲ್ದಂಡೆಯಲ್ಲಿ ಹೊಲದ ಬದು ಗಟ್ಟಿಮಾಡುವುದಕ್ಕೆ, ಹಳ್ಳದ ದಡದ ಗಿಡ ಉಳಿಸುವುದಕ್ಕೆ, ನೆಲದ ಮೇಲೆ ತರಗು ಬಿಡುವುದಕ್ಕೆ ಆ ಯೋಜನೆಯ ಹಣದಲ್ಲಿ ಮೊದಲ ಕಂತು ಮೀಸಲಿಡಬೇಕೆಂದು ಈ ವೇದಿಕೆಯಿಂದ ನಾನು ಕೇಳಿಕೊಳ್ಳುತ್ತೇನೆ.