ಗಲ್ಲಾದ ಈಚೆ ನಿಂತವರು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಬಿ.ಎ. ಮುಗಿದ ಮೇಲೆ ಮುಂದೇನು ಅನ್ನೋ ಪ್ರಶ್ನೆ ಈ ಹಾಸ್ಟೆಲ್ಲಿನ ಎಲ್ಲ ಕೋಣೆಗಳಲ್ಲೂ ಇದೆ. ಅರ್ಜಿ ಹಾಕಿ, ಪರೀಕ್ಷೆ ಬರೆದು, ಪಟ್ಟಿಗಾಗಿ ಕಾಯುತ್ತಾ ಕೂತಿರುವಾಗ ಒಂದು ಕರಪತ್ರ ಬರುತ್ತೆ: ಉಚಿತ ತರಬೇತಿ, ಊಟ ವಸತಿ, ಮೂರು ತಿಂಗಳಲ್ಲಿ ಕೆಲಸ. ನಾವು ಐದು ಜನ ಆ ಕರಪತ್ರ ಹಿಡಿದು ಹೋದೆವು. ಕಲಿತದ್ದು ಅಂಗಡಿಯಲ್ಲಿ ಮಾಲು ಮಾರುವ ಕಸುಬು, ಅವರ ಮಾತಲ್ಲಿ ರೀಟೇಲ್ ಸೇಲ್ಸ್. ಆಮೇಲೆ ಬೆಂಗಳೂರಿನ ಮಾಲುಗಳಲ್ಲಿ ಕೆಲಸಕ್ಕೆ ನಿಂತೆವು. ಹೋಗಬೇಡಿ ಅಂತ ಹೇಳೋಕೆ ನಾವು ಬಂದಿಲ್ಲ. ಕಣ್ಣು ಬಿಟ್ಕೊಂಡು ಹೋಗಿ ಅಂತ ಹೇಳೋಕೆ ಬಂದಿದ್ದೀವಿ.

ಮೊದಲ ಮಾತು: ಈ ತರಬೇತಿ ಯಾರೂ ಹಾಕಿದ ಭಿಕ್ಷೆಯಲ್ಲ. ಇಂಥ ಯೋಜನೆಗಳು ಹಲವಿವೆ. ಉದಾಹರಣೆಗೆ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ. 2014ರ ಸೆಪ್ಟೆಂಬರ್ 25ರಂದು ಹಳ್ಳಿಯ ಬಡ ಮನೆಗಳ 15ರಿಂದ 35 ವಯಸ್ಸಿನವರಿಗಾಗಿ ಹೊರಟಿತು. ಹೊರಟಾಗಲೇ ಅದರ ನಿಯಮದಲ್ಲಿ ಬರೆದಿದ್ದರು: ಹಣದ ಅರ್ಧ ಪರಿಶಿಷ್ಟ ಜಾತಿ, ಪಂಗಡಗಳಿಗೆ, ಸೇರುವವರಲ್ಲಿ ಮೂರನೇ ಒಂದು ಪಾಲು ಹೆಣ್ಣುಮಕ್ಕಳು, ಕಲಿತವರಲ್ಲಿ ಬಹುಪಾಲು ಜನಕ್ಕೆ ಕೆಲಸ. ಅಂದರೆ ನಮ್ಮ ಹೆಸರಿನಲ್ಲಿ ಎತ್ತಿಟ್ಟ ದುಡ್ಡು. ತಲೆ ತಗ್ಗಿಸಿ ಹೋಗುವ ಕಾರಣವೇ ಇಲ್ಲ. ಆದರೆ ತರಬೇತಿ ಕೊಡುವವರು ಕೆಲಸಕ್ಕೆ ಸೇರಿಸಿದ ಲೆಕ್ಕ ತೋರಿಸಬೇಕು. ಅವರ ಕಣ್ಣು ನಾವು ಸೇರುವ ದಿನದ ಮೇಲಿರುತ್ತೆ. ಸೇರಿದ ಮೇಲಿನ ದಿನಗಳ ಮೇಲೆ ನಾವೇ ಕಣ್ಣಿಡಬೇಕು.

ಕಲಿಸಿದ್ದರಲ್ಲಿ ಒಳ್ಳೇದು ಬಹಳ ಇತ್ತು. ಮೊದಲು ಬಂದ ಸರಕು ಮೊದಲು ಹೋಗಬೇಕು, ಹಾಗಾಗಿ ಹಳೇದು ಮುಂದೆ, ಹೊಸದು ಹಿಂದೆ. ಹೆಚ್ಚು ಲಾಭದ ಮಾಲು ಕಣ್ಣಿನ ಮಟ್ಟದಲ್ಲಿ, ಅಗ್ಗದ್ದು ಕಾಲ ಹತ್ತಿರ. ಹಾಲು, ಬೇಳೆ ಅಂಗಡಿಯ ಕೊನೇಲಿ, ಯಾಕಂದರೆ ಅಲ್ಲಿಗೆ ಹೋಗುವಷ್ಟರಲ್ಲಿ ಗಿರಾಕಿ ಬೇಡದ್ದನ್ನೂ ಬುಟ್ಟಿಗೆ ಹಾಕಬೇಕು. ಚಾಕಲೇಟು ಬಿಲ್ಲಿಂಗ್ ಕೌಂಟರಿನ ಪಕ್ಕ, ಮಗುವಿನ ಕೈಗೆ ಎಟುಕುವ ಹಾಗೆ. ಎಂ.ಆರ್.ಪಿ.ಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತೆ, ಅದರ ಮೇಲೆ ಒಂದು ಪೈಸೆ ಕೇಳುವ ಹಾಗಿಲ್ಲ. ಇದೆಲ್ಲ ಕೇಳ್ತಾ ಕೇಳ್ತಾ ನಮ್ಮ ಅಜ್ಜಿಯರು ನೆನಪಾದರು. ಅಂಗಡಿಯ ಜಗಲಿ ಕೆಳಗೆ ನಿಂತು ಸೀಮೆಎಣ್ಣೆ ಕೇಳಿದವರು ಅವರು. ನೆಲದ ಮೇಲಿಟ್ಟ ಅವರ ಕಾಸಿಗೆ ನೀರು ಚಿಮುಕಿಸಿ ಎತ್ತಿಕೊಂಡರು. ಉದ್ರಿ ಪುಸ್ತಕದಲ್ಲಿ ಏನು ಬರೆದರೋ ಅದೇ ಸತ್ಯವಾಯ್ತು. ಆ ಪುಸ್ತಕ ಓದುವ ವಿದ್ಯೆ ಇವತ್ತು ಮೊಮ್ಮಕ್ಕಳ ಕೈಗೆ ಬಂದಿದೆ. ಇದು ಸಣ್ಣ ಮಾತಲ್ಲ.

ಆದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ಪಾಠವೂ ನಡೀತು. ನಗುವ ಪಾಠ, ಬಾಗುವ ಪಾಠ, ನಾಲಿಗೆ ತೊಳೆಯುವ ಪಾಠ. ನಮ್ಮಲ್ಲೊಬ್ಬ ಹಾಲಿಗೆ ‘ಆಲು’ ಅಂದ. ಕ್ಲಾಸೆಲ್ಲ ನಕ್ಕಿತು. ಹಿಂಗೆ ಮಾತಾಡಿದ್ರೆ ಗಿರಾಕಿ ಓಡಿಹೋಗ್ತಾನೆ ಅಂದರು ಕಲಿಸುವವರು. ನಮ್ಮವ್ವಂದಿರು ನಮ್ಮನ್ನು ಸಾಕಿದ್ದು ಆಲು ಕೊಟ್ಟೇ. ಇಂಗ್ಲಿಷು ಕಲಿಸಿ, ಬೇಕು. ಇನ್ನೊಂದು ಕನ್ನಡ ಕಲಿಸಿ, ಅದೂ ಬೇಕು. ಕಲಿಯೋಕೆ ಅಂತ ನಮ್ಮ ಮಾತಿಗೆ ನಾವೇ ನಾಚಿಕೊಳ್ಳಬೇಕಾ?

ಇನ್ನು ಕೆಲಸ. ಬೆಳಿಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಒಂಬತ್ತಾದರೂ ಬಿಡುಗಡೆ ಇಲ್ಲ. ಗಿರಾಕಿ ಇಲ್ಲದ ಹೊತ್ತಲ್ಲೂ ಕೂರುವ ಹಾಗಿಲ್ಲ, ಒಂದು ಸ್ಟೂಲೂ ಇಲ್ಲ. ಊಟಕ್ಕೆ ಅರ್ಧ ಗಂಟೆ. ಹೆಣ್ಣುಮಕ್ಕಳು ಶೌಚಕ್ಕೆ ಹೋಗಲು ಸೂಪರ್‌ವೈಸರನ ಮುಖ ನೋಡಬೇಕು. ರಾತ್ರಿ ಹೊರಗೆ ಬರುವಾಗ ಬ್ಯಾಗು ತಡಕ್ತಾರೆ. ನಾವು ಅಂಗಡಿಯ ಬಟ್ಟೆ ಹಾಕಿಕೊಂಡಿದ್ದರೂ ಅಂಗಡಿಯವರಲ್ಲವಂತೆ, ಏಜೆನ್ಸಿಯವರಂತೆ. ಕೈಗೆ ಬಂದ ಸಂಬಳ ಕರಪತ್ರದ ಅಂಕಿಗಿಂತ ಕಮ್ಮಿ. ಪಿ.ಎಫ್., ಇ.ಎಸ್.ಐ. ಕಳೆದರು, ಸರಿ, ಅದು ನಮ್ಮ ಹಕ್ಕು. ಯೂನಿಫಾರಂ ಅಂತ ಕಳೆದರು. ಸ್ಟಾಕು ಕಮ್ಮಿ ಬಂತು ಅಂತ ಕಳೆದರು. ಆರು ತಿಂಗಳಾಗುವಷ್ಟರಲ್ಲಿ ಐವರಲ್ಲಿ ಮೂವರು ಬಿಟ್ಟು ಬಂದೆವು. ಇಬ್ಬರು ಇನ್ನೂ ನಿಂತಿದ್ದಾರೆ.

ಮೂರು ತಿಂಗಳ ಪಾಠದಲ್ಲಿ ಒಂದು ಗಂಟೆಯೂ ಕಾನೂನಿಗೆ ಇರಲಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಬರೆದ ಕಾಯಿದೆ ಅದು. ಐದು ಗಂಟೆ ದುಡಿದವರಿಗೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ, ನೇಮಕದ ಪತ್ರ, ಎಲ್ಲಾ ಅದರಲ್ಲಿದೆ. ನಮಗೆ ನಗುವುದು ಹೇಗೆ ಅಂತ ಹೇಳಿದವರು ಇದನ್ನು ಯಾಕೆ ಹೇಳಲಿಲ್ಲ?

ಪಕ್ಕದ ಕೇರಳ ನೋಡಿ. ಕೋಳಿಕ್ಕೋಡಿನ ಮಿಠಾಯಿ ತೆರುವಿನಲ್ಲಿ ಬಟ್ಟೆ ಹೊಲಿಯುತ್ತಿದ್ದ ವಿಜಿ ಅನ್ನೋ ಹೆಣ್ಣುಮಗಳು ಅಂಗಡಿಗಳ ಹೆಂಗಸರನ್ನು ಕೂಡಿಸಿ ‘ಪೆಣ್‌ಕೂಟ್ಟ್’ ಅನ್ನೋ ಸಂಘಟನೆ ಕಟ್ಟಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರುವ ಹಕ್ಕು ಕೇಳಿದರು. ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇರಳ ಸರ್ಕಾರ ಕಾನೂನನ್ನೇ ತಿದ್ದಿತು: ಅಂಗಡಿಯಲ್ಲಿ ದುಡಿಯುವವರಿಗೆ ಕೂರಲು ಆಸನ ಇರಲೇಬೇಕು. 2021ರಲ್ಲಿ ತಮಿಳುನಾಡೂ ಹಾಗೇ ತಿದ್ದಿತು. ಒಂದು ಸ್ಟೂಲಿಗೂ ಸಂಘಟನೆ ಬೇಕು ಗೆಳೆಯರೇ.

ಇನ್ನೊಂದು ಪ್ರಶ್ನೆ ಉಳಿಯುತ್ತೆ. ಕಲಿತವರು ಊರಿಗೆ ಬಂದು ಸ್ವಂತ ಅಂಗಡಿ ಹಾಕಲಿ ಅಂತಾರೆ. ಹಾಕೋಣ. ಮಾಲಿನಲ್ಲಿ ನಾವು ಪ್ಯಾಕ್ ಮಾಡಿದ ಬೇಳೆ ಕೊಂಡವರು ಕೈ ಯಾರದ್ದು ಅಂತ ಕೇಳಲಿಲ್ಲ. ಅದೇ ಬೇಳೆ, ಅದೇ ಕೈ, ನಮ್ಮೂರಲ್ಲಿ ಮಾರಿದರೆ ಮೇಲಿನ ಬೀದಿ ಕೊಳ್ಳುತ್ತಾ? ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದ ಮೇಲೆ ಮುಂಬೈಯಲ್ಲಿ ಷೇರು ವ್ಯವಹಾರಕ್ಕೆ ಸಲಹೆ ಕೊಡುವ ಕಸುಬು ತೆರೆದಿದ್ದರು. ಜಾತಿ ತಿಳಿದದ್ದೇ ತಡ, ಗಿರಾಕಿಗಳು ಹಿಂದಕ್ಕೆ ಸರಿದರು. ಅಂಥ ಪಂಡಿತರಿಗೇ ಹೀಗಾದರೆ ಕೊರತೆ ಇದ್ದದ್ದು ಕೌಶಲ್ಯದಲ್ಲಾ? ಗಿರಾಕಿಯ ಮನಸ್ಸನ್ನು ಗೆಲ್ಲುವ ಪಾಠ ನಮಗೆ ಮಾಡ್ತಾರೆ. ಗಿರಾಕಿಯ ಮನಸ್ಸಿನ ಕೊಳೆಗೆ ಪಾಠ ಯಾರು ಮಾಡ್ತಾರೆ?

ಆದ್ದರಿಂದ ನಮ್ಮ ಮಾತು ಇಷ್ಟು. ತರಬೇತಿಗೆ ಹೋಗಿ. ಸಹಿ ಹಾಕುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ: ಸಂಬಳ ಕೊಡುವವರು ಯಾರು, ಅಂಗಡಿಯೋ ಏಜೆನ್ಸಿಯೋ? ಎಲ್ಲ ಕಳೆದು ಕೈಗೆ ಎಷ್ಟು? ಎಷ್ಟು ಗಂಟೆ? ನೇಮಕದ ಪತ್ರ ಯಾವತ್ತು? ಪಿ.ಎಫ್. ನಂಬರು, ಸಂಬಳದ ಚೀಟಿ ಜೋಪಾನ ಮಾಡಿ. ಒಬ್ಬೊಬ್ಬರೇ ಹೋಗಬೇಡಿ, ಹೋದ ಮೇಲೆ ಒಬ್ಬರನ್ನೊಬ್ಬರು ಬಿಡಬೇಡಿ. ಈ ಹಾಸ್ಟೆಲ್ಲಿನಲ್ಲಿ ವಾರಕ್ಕೊಂದು ಸಂಜೆ ಕೂತು ಆ 1961ರ ಕಾಯಿದೆಯನ್ನು ಜೋರಾಗಿ ಓದಿ. ಅರ್ಥವಾಗದಿದ್ದರೆ ವಕೀಲರನ್ನು ಕರೆಸೋಣ.

ಅಂಗಡಿಯ ಹೊರಗೆ ನಿಂತಿದ್ದವರು ಒಳಗೆ ಬಂದಿದ್ದೇವೆ. ಒಳಗೂ ನಿಂತೇ ಇದ್ದೇವೆ. ಇನ್ನು ಕೂರುವ ಹಕ್ಕು ಕೇಳೋಣ, ಆಮೇಲೆ ಲೆಕ್ಕ ಕೇಳೋಣ.

ಜೈ ಭೀಮ್.