ಪಾಲಿಮರ್ ಸಂಶೋಧನೆ: ಅರ್ಜಿಯಿಂದ ಪದವಿಯವರೆಗೆ



ಸಣ್ಣ ಅಣುಗಳು ಬೆಸೆದು ದೀರ್ಘ ಸರಪಳಿಗಳಾಗುತ್ತವೆ, ರಬ್ಬರಿನ ಸ್ವರೂಪವೂ ಅದೇ ಎಂದು ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಸಾರಿದಾಗ ಅನೇಕ ರಸಾಯನಜ್ಞರು ಒಪ್ಪಲಿಲ್ಲ. ನೊಬೆಲ್ ಪುರಸ್ಕಾರ ಸಂದದ್ದು 1953ರಲ್ಲಿ. ಈ ಶಾಸ್ತ್ರದಲ್ಲಿ ಡಾಕ್ಟರೇಟ್ ಬಯಸುವ ನಮ್ಮ ಮಕ್ಕಳಿಗೂ ತಾಳ್ಮೆಯೇ ಬಂಡವಾಳ.

ಅಮೆರಿಕದ ಆಕ್ರನ್, ಆಮ್‌ಹರ್ಸ್ಟ್‌ಗಳಂಥ ವಿದ್ಯಾಕೇಂದ್ರಗಳ ಪ್ರವೇಶಕ್ಕೆ ಅಂಕಪಟ್ಟಿಯೊಂದೇ ಸಾಲದು. ಆಯ್ಕೆಗಾರರು ಉದ್ದೇಶಪತ್ರದಲ್ಲಿ ಸಂಶೋಧನೆಯ ಒಲವನ್ನೂ, ಶಿಫಾರಸು ಪತ್ರಗಳಲ್ಲಿ ಪ್ರಯೋಗಾಲಯದ ದುಡಿಮೆಯನ್ನೂ ಅರಸುತ್ತಾರೆ. ಆಯ್ಕೆಯಾದವರಿಗೆ ಬಹುಮಟ್ಟಿಗೆ ಶುಲ್ಕ ವಿನಾಯಿತಿಯೂ ವೇತನವೂ ಉಂಟು. ಮಾರ್ಗದರ್ಶಕರನ್ನು ಆರಿಸುವ ಮುನ್ನ ಅವರ ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸುವುದು ಲೇಸು. ಅರ್ಹತಾ ಪರೀಕ್ಷೆ ದಾಟಿ, ಮಹಾಪ್ರಬಂಧವನ್ನು ಸಮರ್ಥಿಸುವಷ್ಟರಲ್ಲಿ ಸಾಮಾನ್ಯವಾಗಿ 5-6 ವರ್ಷಗಳು ಸಂದಿರುತ್ತವೆ.

ಪ್ರಯೋಗಗಳು ಕೈಕೊಡುವ ಆ ದಿನಗಳಲ್ಲಿ ಮದುವೆ, ನೌಕರಿಗಳ ಮಾತನ್ನು ಬದಿಗಿರಿಸಿ, ದೂರವಾಣಿಯಲ್ಲಿ ನಾವು ಅವರ ಕೆಲಸದ ವಿಚಾರವನ್ನೇ ಕೇಳೋಣ.