ನಿರೋಧ್: ಯಾರಿಗೆ ಯಾವುದು ಹಿತ?



"ನಿರೋಧ್ ನನಗೆ ಒಗ್ಗದು, ತುರಿಕೆಯಾಗುತ್ತದೆ" ಎಂದು ಹಲವರು ಅದನ್ನು ಬಿಟ್ಟುಬಿಡುತ್ತಾರೆ. ಆಗ ಬಾಣಂತನದ ಮೇಲೆ ಬಾಣಂತನದ ಭಾರ ಮಡದಿಯ ಮೈಮೇಲೆ ಬೀಳುತ್ತದೆ. ಬಿಡುವ ಮೊದಲು ಬಗೆ ಬದಲಿಸಿ ನೋಡಬೇಕು.

1968ರಲ್ಲಿ ನಮ್ಮ ದೇಶದಲ್ಲಿ ಬಳಕೆಗೆ ಬಂದ ನಿರೋಧ್ ರಬ್ಬರ್ ಮರದ ಹಾಲಿನಿಂದ ಆದದ್ದು. ಚೆನ್ನಾಗಿ ಹಿಗ್ಗುತ್ತದೆ, ಸುಲಭವಾಗಿ ಹರಿಯದು. ಆದರೆ ಕೆಲವರ ಚರ್ಮಕ್ಕೆ ಆ ಹಾಲಿನ ಅಂಶ ಆಗುವುದಿಲ್ಲ. ತುರಿಕೆ, ಉರಿ ಏಳುತ್ತದೆ. ಅಂಥವರಿಗೆ ಪಾಲಿಐಸೋಪ್ರೀನ್ ಎಂಬ ಕೃತಕ ರಬ್ಬರಿನದು ಒಗ್ಗುತ್ತದೆ; ಅದು ಮೆದು. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನದು ತೆಳು, ವಾಸನೆಯಿಲ್ಲ, ಮೈಯ ಬಿಸುಪು ತಿಳಿಯುತ್ತದೆ. ಆದರೆ ಹಿಗ್ಗುವುದು ಕಡಿಮೆ. ಜಾರುವ, ಹರಿಯುವ ಸಂಭವ ಹೆಚ್ಚು.

ಒಣಗಿ ಉಜ್ಜಿದರೆ ಯಾವುದಾದರೂ ನೋಯಿಸುತ್ತದೆ. ಹಾಗೆಂದು ಕೊಬ್ಬರಿ ಎಣ್ಣೆ, ಬೆಣ್ಣೆ ಹಚ್ಚಬೇಡಿ. ಎಣ್ಣೆ ತಗುಲಿದ ರಬ್ಬರ್ ಕೆಲವೇ ನಿಮಿಷಗಳಲ್ಲಿ ಬಲಗೆಡುತ್ತದೆ. ಕೃತಕ ರಬ್ಬರಿಗೂ ಇದೇ ಮಾತು. ನೀರಿನಲ್ಲಿ ಕರಗುವ ಜೆಲ್ಲಿ ಹಚ್ಚಿರಿ.

ಸಾದಾ ನಿರೋಧ್ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಬೇರೆ ಬಗೆಯವನ್ನು ಪಟ್ಟಣದ ಔಷಧಿ ಅಂಗಡಿಯಲ್ಲಿ ವಿಚಾರಿಸಿರಿ. ತುರಿಕೆ ಮಡದಿಗೂ ಆಗಬಹುದು; ಆಕೆಯನ್ನೂ ಕೇಳಿರಿ. ನಿಲ್ಲದಿದ್ದರೆ ಇಬ್ಬರೂ ಕೂಡಿ ವೈದ್ಯರಲ್ಲಿಗೆ ಹೋಗಿರಿ. ಸಂಸಾರ ಇಬ್ಬರದು; ಸಂಕೋಚವೇಕೆ?